ಮನೆಗೆ ಕೀಲಿ ಹಾಕಿ ಗುಡ್ಡಕ್ಕೆ ಹೊರಡುವ ಮುನ್ನ



ಬೆಳೆಗೆ ಹುಳ ಬೀಳದಂತೆ ಕಾಯುವ ಮಾತನ್ನು ನಾವು ಮೇಲಿಂದ ಮೇಲೆ ಆಡುತ್ತೇವೆ. ಇವತ್ತು ಆ ಬೆಳೆ ಮಾರಿ ಬಂದ ರೊಕ್ಕವನ್ನೂ ಮನೆಯ ಬಂಗಾರವನ್ನೂ ಕಳ್ಳರಿಂದ ಕಾಯುವ ಮಾತು ಆಡೋಣ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಮನೆಗಳು ಯಾವಾಗ ಬರಿದಾಗಿರುತ್ತವೆ ಎಂಬುದು ಗುಟ್ಟೇನೂ ಅಲ್ಲ. ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಚಕ್ಕಡಿ ಹೂಡಿ, ಟ್ರ್ಯಾಕ್ಟರ್ ಕಟ್ಟಿ ಎಲ್ಲಮ್ಮನ ಗುಡ್ಡಕ್ಕೆ ಹೊರಟರೆ ಎರಡು ಮೂರು ದಿವಸ ಮನೆಗೆ ಕೀಲಿ. ಹತ್ತಿ ಮಾರಿದ ರೊಕ್ಕ ಕೈಗೆ ಬರುವುದೂ ಅದೇ ಸುಮಾರಿಗೆ. ಪಂಚಾಂಗ ನಮಗೆ ತಿಳಿದಷ್ಟೇ ಕಳ್ಳನಿಗೂ ತಿಳಿದಿದೆ.

ಆದ್ದರಿಂದ ಮೊದಲನೆಯ ಮಾತು: ಕಳೆದುಕೊಂಡರೆ ತಾಳಲಾರದ್ದನ್ನು ಬರಿದಾದ ಮನೆಯಲ್ಲಿ ಬಿಡಬೇಡಿ. ಜೋಳದ ಗಳಗಿಯೊಳಗೆ, ಹಾಸಿಗೆಯ ಸುರುಳಿಯೊಳಗೆ, ದೇವರ ಮಾಡದಲ್ಲಿ ರೊಕ್ಕ ಇಡುವುದು ಹಳೇ ರೂಢಿ. ಕಳ್ಳ ಮೊದಲು ಕೈ ಹಾಕುವುದೂ ಅಲ್ಲಿಯೇ. ರೊಕ್ಕವನ್ನು ಬ್ಯಾಂಕಿಗೆ ಹಾಕಿ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ಆಸರೆಯಿದೆ. 2020ಕ್ಕೆ ಮೊದಲು ಅದು 1 ಲಕ್ಷ ಮಾತ್ರ ಇತ್ತು. ಬೋರಮಾಳ, ಗುಂಡಿನ ಸರ, ಪಾಟ್ಲಿ ಇದ್ದವರು ಲಾಕರಿನ ವಿಚಾರ ಕೇಳಿ ನೋಡಿ.

ತಾಯಂದಿರೇ, ಒಡವೆಗಳನ್ನು ಒಂದು ಬಿಳಿ ಬಟ್ಟೆಯ ಮೇಲೆ ಹರವಿ ಫೋಟೋ ತೆಗೆಸಿರಿ. ಖರೀದಿ ಚೀಟಿಗಳನ್ನು ಬೇರೆ ಕಡೆ ಜೋಪಾನ ಮಾಡಿರಿ. 2021ರ ಜುಲೈಯಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಅಕ್ಷರ, ಅಂಕಿ ಕೂಡಿದ ಆರು ಗುರುತಿನ ಸಂಖ್ಯೆ ಕೊರೆದಿರುತ್ತಾರೆ. ಅದನ್ನು ಬರೆದಿಟ್ಟುಕೊಂಡರೆ, ಮಾಲು ಸಿಕ್ಕಾಗ "ಇದು ನಮ್ಮದೇ" ಎಂದು ತೋರಿಸಲು ಆಧಾರವಾಗುತ್ತದೆ.

ಎರಡನೆಯದು, ಮನೆಯ ಸುತ್ತ ಒಮ್ಮೆ ಕಳ್ಳನ ಕಣ್ಣಿನಿಂದ ನೋಡಿರಿ. ಮುಂಬಾಗಿಲಿಗೆ ದೊಡ್ಡ ಕೀಲಿ, ಹಿತ್ತಲ ಬಾಗಿಲಿಗೆ ಸಡಿಲ ಚಿಲಕ! ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ. ಮಾಳಿಗೆಯ ಬೆಳಕಿಂಡಿಗೆ ಕಬ್ಬಿಣದ ಸರಳು ಕೂಡಿಸಿ. ನಿಚ್ಚಣಿಕೆಯನ್ನು ಗೋಡೆಗೆ ಆನಿಸಿ ಬಿಡಬೇಡಿ. ಹಾರೆ, ಗುದ್ದಲಿ, ಕೊಡಲಿಗಳನ್ನು ಒಳಗಿಡಿ. ನಮ್ಮ ಹಾರೆಯಿಂದಲೇ ನಮ್ಮ ಕೀಲಿ ಮುರಿಯುವಂತಾಗಬಾರದು. ಕೀಲಿಕೈ ತುಳಸಿಕಟ್ಟೆಯಲ್ಲಾಗಲಿ ಹೊರಗಿನ ಮಾಡದಲ್ಲಾಗಲಿ ಇರಬಾರದು.

ಮೂರನೆಯದು ನೆರೆಹೊರೆ. ಇದಕ್ಕೆ ಪೈಸೆಯ ಖರ್ಚಿಲ್ಲ. ಓಣಿಯವರು ಪಾಳಿ ಮಾಡಿಕೊಳ್ಳಿ: ಈ ಹುಣ್ಣಿಮೆಗೆ ನೀವು ಗುಡ್ಡಕ್ಕೆ, ಮುಂದಿನ ಹುಣ್ಣಿಮೆಗೆ ಅವರು. ಊರಲ್ಲಿ ಉಳಿದವರು ಸಂಜೆ ದೀಪ ಹಚ್ಚಲಿ, ಅಂಗಳ ಗುಡಿಸಲಿ, ಒಬ್ಬರು ನಿಮ್ಮ ಕಟ್ಟೆಯ ಮೇಲೆ ಮಲಗಲಿ. ಕಸ ಬಿದ್ದ ಅಂಗಳ, ಕತ್ತಲೆ ಪಡಸಾಲೆ, ಇವು "ಮನೆಯಲ್ಲಿ ಯಾರೂ ಇಲ್ಲ" ಎಂದು ಡಂಗುರ ಸಾರಿದ ಹಾಗೆ. ನಮ್ಮ ಹುಡುಗರು ಗುಡ್ಡದಲ್ಲಿ ನಿಂತು ಮೊಬೈಲಿನಲ್ಲಿ ಫೋಟೋ ಹಾಕುವುದೂ ಇನ್ನೊಂದು ಡಂಗುರವೇ. ತಿರುಗಿ ಬಂದ ಮೇಲೆ ಹಾಕಲಿ, ಭಂಡಾರದ ಬಣ್ಣ ಮಾಸುವುದಿಲ್ಲ. ಊರು ಬಿಡುವಾಗ ನಿಮ್ಮ ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿರಿ.

ಸಂಶಯದವರು ಕಂಡರೆ 112ಕ್ಕೆ ಫೋನ್ ಮಾಡಿ, ಗಾಡಿಯ ನಂಬರು ಬರೆದುಕೊಳ್ಳಿ. ಕೈ ಮಾತ್ರ ಎತ್ತಬೇಡಿ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ಗಾಳಿಮಾತು ನಂಬಿದ ಜನ ಒಬ್ಬ ನಿರಪರಾಧಿ ತರುಣನನ್ನು ಹೊಡೆದು ಕೊಂದರು. ಹೋದ ಬಂಗಾರ ತಿರುಗಿ ಬಂದೀತು, ಹೋದ ಜೀವ ಬರುವುದಿಲ್ಲ.

ಇಷ್ಟಾದರೂ ಕಳವಾದರೆ ಏನು ಮಾಡಬೇಕು? ಒಳಗೆ ನುಗ್ಗಿ ಪೆಟ್ಟಿಗೆ, ಬಾಗಿಲು ಮುಟ್ಟಬೇಡಿ. ಬೆರಳ ಗುರುತು ಅಳಿಸಿ ಹೋಗುತ್ತವೆ. ಸುದ್ದಿ ತಿಳಿದಾಗ ನೀವು ಗುಡ್ಡದಲ್ಲೇ ಇದ್ದರೂ ತಡ ಮಾಡಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಂತೆ, ಕಳವು ಯಾವ ಠಾಣೆಯ ಹದ್ದಿನಲ್ಲಿ ಆಗಿದ್ದರೂ ಹತ್ತಿರದ ಠಾಣೆಯಲ್ಲಿ ಫಿರ್ಯಾದಿ ಕೊಡಬಹುದು. ದಾಖಲಾದ ಫಿರ್ಯಾದಿಯ ಪ್ರತಿ ನಿಮಗೆ ಪುಕ್ಕಟೆ ಸಿಗಬೇಕು, ಕೇಳಿ ಪಡೆಯಿರಿ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮದೇ. ಮಳೆಗೆ ಮೊದಲು ಒಡ್ಡು ಹಾಕುವ ರೈತನಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಈ ಸಲ ಚಕ್ಕಡಿ ಹೂಡುವ ಮುನ್ನ ರೊಕ್ಕ ಬ್ಯಾಂಕಿಗೆ, ಅಗಳಿ ಹಿತ್ತಲ ಬಾಗಿಲಿಗೆ, ಒಂದು ಮಾತು ನೆರೆಮನೆಗೆ. ಆಮೇಲೆ ನಿಶ್ಚಿಂತೆಯಿಂದ ಉಧೋ ಉಧೋ ಅನ್ನಿರಿ.