ಹೆಸರಿಲ್ಲದ ಚಿತ್ರಗಳು

(ಬಾನುಲಿ ಭಾಷಣ)

ನಮ್ಮ ಹಾನಗಲ್ಲಿನ ತಾರಕೇಶ್ವರ ದೇವಾಲಯವನ್ನು ನೋಡಬಂದವರಿಗೆ ಊರಿನ ವೀರಗಲ್ಲುಗಳನ್ನೂ ನೋಡಿರೆಂದು ನಾನು ಹೇಳುವುದುಂಟು. ವೀರಗಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಶಾಸನವಿದ್ದರೆ ಮಡಿದವನ ಹೆಸರೂ ದೊರೆಯುತ್ತದೆ. ಆದರೆ ಅವನ ಮುಖಚಹರೆ ಹೇಗಿತ್ತೆಂದು ಕಲ್ಲು ಹೇಳಲಾರದು.

ಇದಕ್ಕೆ ವಿಪರೀತವಾದುದು ಕರ್ನಲ್ ಕಾಲಿನ್ ಮೆಕೆಂಜಿಯ ಸಂಗ್ರಹದಲ್ಲಿರುವ ಜಲವರ್ಣ ಚಿತ್ರಗಳ ಕಥೆ. 1754ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಹುಟ್ಟಿದ ಈತ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ನೇಮಕಗೊಂಡ. ಮೋಜಣಿಯೆಂದರೆ ಸಂಚಾರವೇ. ಡೇರೆಗಳು, ಅಳತೆಯ ಉಪಕರಣಗಳು, ಪಂಡಿತರು, ನಕ್ಷೆಗಾರರು, ಎಲ್ಲವೂ ಎಲ್ಲರೂ ಊರಿಂದೂರಿಗೆ ಸಾಗಬೇಕು. ಇಂಥ ಪಯಣಕ್ಕೆ ತೈಲವರ್ಣ ಒಗ್ಗದು. ಅದು ಆರಲು ದಿನಗಳೇ ಬೇಕು. ಜಲವರ್ಣಕ್ಕಾದರೋ ಒಂದು ಕಾಗದ, ಪುಟ್ಟ ಬಣ್ಣದ ಪೆಟ್ಟಿಗೆ, ಹತ್ತಿರದ ಕೆರೆಯ ನೀರು ಸಾಕು. ಬಿಡಾರ ಕೀಳುವುದರೊಳಗೆ ಚಿತ್ರ ಒಣಗಿರುತ್ತದೆ.

1800-1801ರ ಬಾಲಾಘಾಟದ ಜನರ ವೇಷಭೂಷಣಗಳ ಚಿತ್ರಸಂಪುಟವೊಂದು ಆ ಸಂಗ್ರಹದಲ್ಲಿದೆ. ಅದೀಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇಂಥ ಚಿತ್ರಗಳ ಉದ್ದೇಶ ರುಮಾಲಿನ ಸುತ್ತು, ಸೀರೆಯ ಉಡುಗೆ, ಕಸುಬಿನ ಕುರುಹುಗಳನ್ನು ದಾಖಲಿಸುವುದು. ಎದುರಿಗೆ ನಿಂತವನು ಒಬ್ಬಾತನಾದರೂ ಕಾಗದದ ಮೇಲೆ ಅವನು ಒಂದು ಜಾತಿಯ, ಒಂದು ವೃತ್ತಿಯ ಮಾದರಿಯಾಗಿ ಮಾತ್ರ ಉಳಿಯುತ್ತಾನೆ. ಆಳುವವನಿಗೆ ಬೇಕಾದುದು ಜನರ ಪರಿಚಯವಲ್ಲ, ಪ್ರಜೆಗಳ ಪಟ್ಟಿ.

ಆದರೆ ಜೊತೆಯಲ್ಲಿ ದುಡಿದವರನ್ನು ಮೆಕೆಂಜಿ ಮರೆಯಲಿಲ್ಲ. 1816ರಲ್ಲಿ ಥಾಮಸ್ ಹಿಕಿ ಬರೆದ ಅವನ ತೈಲಚಿತ್ರದಲ್ಲಿ ಕೆಂಪು ನಿಲುವಂಗಿಯ ಅಧಿಕಾರಿಯ ಸುತ್ತ ಮೂವರು ಭಾರತೀಯರಿದ್ದಾರೆ. ತಾಳೆಗರಿ ಹಿಡಿದಾತ ನಮ್ಮ ಮಲೆಯೂರಿನ ಜೈನಪಂಡಿತ ಧರ್ಮಯ್ಯ, ಇನ್ನೊಬ್ಬ ಕಾವಲಿ ವೆಂಕಟ ಲಕ್ಷ್ಮಯ್ಯ, ದೂರದರ್ಶಕ ಹಿಡಿದವನು ಕಿಷ್ಟ್ನಾಜಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹಿನ್ನೆಲೆಯಲ್ಲಿ ದೂರದ ಗೊಮ್ಮಟಮೂರ್ತಿ. ಇಲ್ಲಿ ಮುಖವೂ ಉಂಟು, ಹೆಸರೂ ಉಂಟು. ಕನ್ನಡದ ಕಡತಗಳನ್ನು ಓದಿ ವಿವರಿಸಿದ ಧರ್ಮಯ್ಯನಂಥವರಿಲ್ಲದಿದ್ದರೆ ಆ ಸಂಗ್ರಹಕ್ಕೆ ಬಾಯಿಯೇ ಇರುತ್ತಿರಲಿಲ್ಲವೆಂದು ನಾನು ತಿಳಿಯುತ್ತೇನೆ.

ಕಲೆ ರೂಪವನ್ನು ಕಾಯಬಲ್ಲದು. ಹೆಸರನ್ನು ಕಾಯುವ ಹೊಣೆ ಬಲ್ಲವರದು. ನಮ್ಮ ಮನೆಗಳ ಗೋಡೆಯ ಮೇಲೂ ಅಜ್ಜ ಅಜ್ಜಿಯರ ಭಾವಚಿತ್ರಗಳಿವೆ. ಗುರುತಿಸಬಲ್ಲ ಹಿರಿಯರು ಇರುವಾಗಲೇ ಅವುಗಳ ಹಿಂಬದಿಯಲ್ಲಿ ಹೆಸರನ್ನೂ ಊರನ್ನೂ ಬರೆದಿಡೋಣ. ಇಲ್ಲವಾದರೆ ಮುಂದಿನವರ ಪಾಲಿಗೆ ಅವರೂ ರುಮಾಲು ಸುತ್ತಿದ ಒಬ್ಬ ಗಂಡಸು, ಇಳಕಲ್ಲ ಸೀರೆಯುಟ್ಟ ಒಬ್ಬ ಹೆಂಗಸು, ಅಷ್ಟೇ ಆಗಿಬಿಟ್ಟಾರು.