ಹಸು ಕೊಟ್ಟರೆ ಸಾಕೇ?

(ಸಹಕಾರ ಸಪ್ತಾಹದ ಸಭೆಯಲ್ಲಿ ಮಾಡಿದ ಭಾಷಣ)



ಬಡವರಿಗೆ ಹಸು ಕೊಡಿಸಿದರೆ ಬಡತನ ನೀಗುತ್ತದೆಂಬ ಮಾತು ಹಳೆಯದು. 1980ರಲ್ಲಿ ದೇಶದ ಎಲ್ಲ ಬ್ಲಾಕುಗಳಿಗೂ ವಿಸ್ತರಿಸಿದ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆ, ಅಂದರೆ ಜನರ ಬಾಯಲ್ಲಿನ ಐ.ಆರ್.ಡಿ.ಪಿ. ಸಾಲ, ಈ ನಂಬಿಕೆಯ ಮೇಲೆಯೇ ಎಷ್ಟೋ ಮನೆಗಳಿಗೆ ಹಸು, ಎಮ್ಮೆ ಕೊಡಿಸಿತು. ಸಣ್ಣ ರೈತರಿಗೆ ಶೇ. 25, ಅತಿ ಸಣ್ಣ ರೈತರಿಗೂ ಕೂಲಿಕಾರರಿಗೂ ಮೂರನೇ ಒಂದು ಭಾಗ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 50 ಸಹಾಯಧನ, ಉಳಿದದ್ದು ಬ್ಯಾಂಕ್ ಸಾಲ. 1999ರಲ್ಲಿ ಅದು ಬೇರೊಂದು ಯೋಜನೆಯಲ್ಲಿ ಸೇರಿಹೋಯಿತು.

ಹಸುವೇನೋ ಬಂತು. ಮೇವು ಎಲ್ಲಿಂದ ಬರಬೇಕು? ಭೂಮಿಯಿಲ್ಲದವರು ಬೇರೆಯವರ ಬದುವಿನಲ್ಲಿ ಹುಲ್ಲು ಕೊಯ್ಯಬೇಕು. ಅದಕ್ಕೆ ಹೊಲದವರ ಮರ್ಜಿ ಕಾಯಬೇಕು. ಗೋಮಾಳ ಒತ್ತುವರಿಯಾದ ಊರಿನಲ್ಲಿ ಮೊದಲು ಸೋಲುವವರು ಇವರೇ. ಹಸು ಹತ್ತು ತಿಂಗಳು ಕರೆದು ಬತ್ತುತ್ತದೆ. ಗಬ್ಬ ನಿಲ್ಲುವುದು ತಡವಾದರೆ ಕೊಟ್ಟಿಗೆಯಲ್ಲಿ ಹಾಲಿಲ್ಲ, ಬ್ಯಾಂಕಿನ ಕಂತು ಮಾತ್ರ ನಿಲ್ಲದು. ನಾಲ್ಕು ಹಸು ಇದ್ದವರಿಗೆ ಒಂದು ಬತ್ತಿದರೂ ಬಟವಾಡೆ ಬರುತ್ತದೆ; ಒಂದೇ ಇದ್ದವರು ಅದನ್ನು ಮಾರಿ ಸಾಲ ತೀರಿಸುತ್ತಾರೆ. ಎರಡನೆಯ ಹಸುವಿಗೆ ಸಕಾಲದಲ್ಲಿ ಸಾಲ ಸಿಕ್ಕಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಇನ್ನೊಂದು ವಿಷಯ ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಹನ್ನೊಂದು ರಾಜ್ಯಗಳ 565 ಹಳ್ಳಿಗಳಲ್ಲಿ ಅಸ್ಪೃಶ್ಯತೆಯ ಬಗ್ಗೆ ನಡೆದ ಸಮೀಕ್ಷೆಯೊಂದು 2006ರಲ್ಲಿ ಪುಸ್ತಕವಾಗಿ ಬಂತು. ಹಾಲಿನ ಸಹಕಾರ ಸಂಘವಿದ್ದ ಹಳ್ಳಿಗಳ ಪೈಕಿ ಅರ್ಧಕ್ಕೆ ಹತ್ತಿರದಷ್ಟು ಕಡೆ ದಲಿತರ ಹಾಲನ್ನು ಕೊಳ್ಳುತ್ತಿರಲಿಲ್ಲವೆಂದು ಅದರಲ್ಲಿದೆ. ಸಂವಿಧಾನ ಅಸ್ಪೃಶ್ಯತೆಯನ್ನು ನಿಷೇಧಿಸಿ ಅರ್ಧ ಶತಮಾನ ಕಳೆದ ಮೇಲಿನ ಮಾತಿದು. ನಾವು ಹಾಲಿಗೆ ದರ ಕಟ್ಟುವುದು ಫ್ಯಾಟ್, ಎಸ್.ಎನ್.ಎಫ್. ನೋಡಿ. ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಹಾಗಿದ್ದ ಮೇಲೆ ಯಾರನ್ನಾದರೂ ಬಾಗಿಲಲ್ಲೇ ತಡೆದರೆ ಅರ್ಧ ಸಹಾಯಧನ ಕೊಟ್ಟು ಏನು ಬಂತು?

ನಮ್ಮ ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಆರಂಭಿಸಿತು. ಮುಂದೆ ಅದು 5 ರೂಪಾಯಿಗೆ ಏರಿತು. ಒಳ್ಳೆಯದೇ. ಆದರೆ ಅದು ಲೀಟರಿನ ಲೆಕ್ಕ. ಹೆಚ್ಚು ಹಾಕಿದವರಿಗೆ ಹೆಚ್ಚು. ಹಸು ಬತ್ತಿದ ಮನೆಗೆ ಏನೂ ಇಲ್ಲ. ಸಾಲದ್ದಕ್ಕೆ, ವರ್ಷದಲ್ಲಿ ಬೈಲಾ ಹೇಳಿದಷ್ಟು ಹಾಲು ಹಾಕದಿದ್ದರೆ ಮತವೂ ಇಲ್ಲ. ಮತವಿಲ್ಲದವರ ಮೇವಿನ ಕಷ್ಟ ಆಡಳಿತ ಮಂಡಳಿಯ ಕಿವಿಗೆ ಬೀಳುವುದಾದರೂ ಹೇಗೆ?

ಮುಂದಿನ ಸರ್ವ ಸದಸ್ಯರ ಸಭೆಗೆ ಮುಂಚೆ ತಮ್ಮ ಸಂಘದ ಸದಸ್ಯರ ಪುಸ್ತಕವನ್ನು ಒಮ್ಮೆ ತೆಗೆದು ನೋಡಿ. ಕಾಲೋನಿಯ ಎಷ್ಟು ಮನೆಗಳ ಹೆಸರಿದೆ, ಕಳೆದ ವರ್ಷ ಹಾಲು ಹಾಕುವುದನ್ನು ನಿಲ್ಲಿಸಿದವರು ಯಾರು ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಕಾರ್ಯದರ್ಶಿಯವರನ್ನು ಕರೆದುಕೊಂಡು ಆ ಮನೆಗಳಿಗೆ ಹೋಗಿ, ಯಾಕೆ ನಿಲ್ಲಿಸಿದಿರಿ ಎಂದು ಕೇಳಿ ಬನ್ನಿ.