ಫೋಟೋ ಬೂತಿಗೆ ಬಂಡವಾಳ ಎಷ್ಟು ಬೇಕು?

(ರಜತ ಮಹೋತ್ಸವದ ಅಂಗವಾಗಿ ಸಂಘದ ಆವರಣದಲ್ಲಿ ನಡೆದ ಸ್ವ-ಉದ್ಯೋಗ ಮಾಹಿತಿ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಇಳಿದವನು. ರಾಗಿ, ತೆಂಗು, ಎರಡು ಹಸು ಬಿಟ್ಟರೆ ನನಗೆ ಬೇರೆ ವ್ಯಾಪಾರ ಗೊತ್ತಿಲ್ಲ. ಆದರೂ ಸ್ವಂತ ಉದ್ಯೋಗದ ಬಂಡವಾಳದ ವಿಚಾರ ನೀವೇ ಮಾತಾಡಬೇಕು ಅಂತ ಕಾರ್ಯದರ್ಶಿಗಳು ಹಠ ಹಿಡಿದರು. ಕಾರಣ, ನನ್ನ ತಂಗಿಯ ಮಗ ಫೋಟೋ ಬೂತ್ ಮಾಡಿ ಪಟ್ಟ ಪಾಡು ಇಲ್ಲಿ ಕುಳಿತಿರುವ ಅರ್ಧ ಜನಕ್ಕೆ ಗೊತ್ತು. ಉಳಿದ ಅರ್ಧ ಜನಕ್ಕೂ ಗೊತ್ತಾಗಲಿ ಅಂತ ಅವನನ್ನು ಕೇಳಿಯೇ ಹೇಳುತ್ತಿದ್ದೇನೆ. ಅವನು ಅಲ್ಲಿ ಹಿಂದಿನ ಸಾಲಿನಲ್ಲೇ ಇದ್ದಾನೆ.

ಫೋಟೋ ಬೂತ್ ಅಂದರೇನು ಅಂತ ಹಿರಿಯರು ಕೇಳಬಹುದು. ಈಗ ಮದುವೆ ಮನೆಯಲ್ಲಿ ಒಂದು ಮೂಲೆಗೆ ಪರದೆ ಕಟ್ಟಿ, ಲೈಟು ಇಟ್ಟು, ಬಂದವರಿಗೆ ಪೇಟವೋ ಕಾಗದದ ಮೀಸೆಯೋ ಕೊಟ್ಟು ಫೋಟೋ ಹೊಡೆದು ಅಲ್ಲೇ ಪ್ರಿಂಟು ಕೈಗೆ ಕೊಡುತ್ತಾರಲ್ಲ, ಅದೇ. ಇದು ಹೊಸದೇನೂ ಅಲ್ಲವಂತೆ. ರಷ್ಯಾದಿಂದ ಅಮೆರಿಕಕ್ಕೆ ಹೋದ ಅನಟೋಲ್ ಜೋಸೆಫೊ ಅನ್ನುವವನು 1920ರ ದಶಕದಲ್ಲಿ 11,000 ಡಾಲರ್ ಹೊಂದಿಸಿ ತಾನಾಗೇ ಫೋಟೋ ತೆಗೆಯುವ ಯಂತ್ರ ಮಾಡಿ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ಇಟ್ಟ. 25 ಸೆಂಟಿಗೆ 8 ಫೋಟೋ. ಮೊದಲ ಆರು ತಿಂಗಳಲ್ಲಿ 2,80,000 ಜನ ಬಂದರು. 1927ರಲ್ಲಿ ಹತ್ತು ಲಕ್ಷ ಡಾಲರಿಗೆ ಅದರ ಹಕ್ಕು ಮಾರಿದ. ಈ ಕಥೆಯನ್ನು ನಮ್ಮ ಹುಡುಗ ಮೊಬೈಲಿನಲ್ಲಿ ಓದಿಕೊಂಡು ಬಂದು ನನಗೆ ಹೇಳಿದಾಗ ನನಗೂ ಖುಷಿ ಆಯ್ತು. ಆದರೆ ಆ ಯಂತ್ರದ ಹತ್ತಿರಕ್ಕೆ ಜನ ನಡೆದುಕೊಂಡು ಬರುತ್ತಿದ್ದರು, ನಮ್ಮ ಬೂತನ್ನು ಜನ ಇರುವ ಕಡೆಗೆ ನಾವೇ ಹೊತ್ತುಕೊಂಡು ಹೋಗಬೇಕು. ಈ ವ್ಯತ್ಯಾಸ ಆಗ ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

2023ರ ಮೇ ತಿಂಗಳಲ್ಲಿ ಅವನು ಸಂಘಕ್ಕೆ ಅರ್ಜಿ ಕೊಟ್ಟ. ಅರ್ಜಿಯಲ್ಲಿ ನಾಲ್ಕೇ ಬಾಬ್ತು ಇದ್ದವು. ಕ್ಯಾಮೆರಾ 41,000, ಪ್ರಿಂಟರು 78,000, ಹಳೆಯ ಲ್ಯಾಪ್‌ಟಾಪ್ 28,000, ಲೈಟು ಮತ್ತು ಸ್ಟ್ಯಾಂಡು 14,000. ಒಟ್ಟು 1,61,000 ರೂಪಾಯಿ. ನಿರ್ದೇಶಕನ ಅಳಿಯ ಅನ್ನುವ ಮಾತು ಬರಬಾರದು ಅಂತ ಆ ದಿನ ನಾನು ಸಭೆಯಿಂದ ಎದ್ದು ಹೊರಗೆ ಕುಳಿತೆ. ಸಂಘ 1,40,000 ಮಂಜೂರು ಮಾಡಿತು, ಶೇಕಡಾ 13ರ ಬಡ್ಡಿ, 36 ಕಂತು. ತಿಂಗಳಿಗೆ ಹತ್ತಿರ ಹತ್ತಿರ 4,700 ರೂಪಾಯಿ. ಇಬ್ಬರು ಸದಸ್ಯರು ಜಾಮೀನು ಹಾಕಿದರು. ಹುಡುಗನ ಮುಖ ನೋಡಿ ಅಲ್ಲ, ನನ್ನ ಮುಖ ನೋಡಿ ಹಾಕಿದರು.

ಆಮೇಲೆ ಶುರುವಾಯಿತು ನೋಡಿ. ಪರದೆ, ಅದನ್ನು ನಿಲ್ಲಿಸುವ ಕಬ್ಬಿಣದ ಚೌಕಟ್ಟು ವೆಲ್ಡಿಂಗ್ ಮಾಡಿಸಿದ್ದು ಸೇರಿ 17,500. ಕ್ಯಾಮೆರಾಕ್ಕೂ ಪ್ರಿಂಟರಿಗೂ ಸಂಬಂಧ ಕಲ್ಪಿಸುವ ತಂತ್ರಾಂಶಕ್ಕೆ 12,000. ಅದು ಕಣ್ಣಿಗೆ ಕಾಣುವ ಸಾಮಾನೂ ಅಲ್ಲ! ಕಾಗದದ ಪೆಟ್ಟಿಗೆ 12,600. ವೈರು, ಜಂಕ್ಷನ್ ಬಾಕ್ಸ್, ಮೆಮೊರಿ ಕಾರ್ಡು 4,300. ಪೇಟ, ಕನ್ನಡಕ, ಮೀಸೆ 3,200. ಫ್ಲೆಕ್ಸ್ ಮತ್ತು ಕಾರ್ಡು 5,000. ಯು.ಪಿ.ಎಸ್. 9,500. ಎಲ್ಲಾ ಕೂಡಿದರೆ 2,25,100 ಆಯಿತು. ಅಂದರೆ ಅರ್ಜಿಯಲ್ಲಿ ಇಲ್ಲದ ಖರ್ಚೇ 64,100.

ಬೋರ್‌ವೆಲ್ ಕೊರೆಸಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಲಾರಿಯವನಿಗೆ ಅಡಿಗೆ ಇಷ್ಟು ಅಂತ ಲೆಕ್ಕ ಹಾಕಿ ಹಣ ಹೊಂದಿಸಿರುತ್ತೇವೆ. ನೀರು ಬಿತ್ತು ಅಂತ ಸಂತೋಷಪಡುವ ಹೊತ್ತಿಗೆ ಕೇಸಿಂಗ್, ಮೋಟಾರು, ಪೈಪು, ಕೇಬಲ್ಲು, ಕರೆಂಟಿನ ಸಂಪರ್ಕ ಸಾಲಾಗಿ ನಿಂತಿರುತ್ತವೆ. ನಾನೇ ಎರಡು ಸಲ ಹೀಗೆ ಸಿಕ್ಕಿಹಾಕಿಕೊಂಡವನು. ಆದರೂ ಅಳಿಯನ ಅರ್ಜಿ ನೋಡಿದಾಗ ಕೇಳಬೇಕಾದ್ದನ್ನು ಕೇಳಲಿಲ್ಲ. ಮೆಷಿನ್ನಿನ ವಿಷಯ ನಮಗೇನು ಗೊತ್ತು ಅಂತ ಸುಮ್ಮನಿದ್ದೆ. ಅಲ್ಲೇ ತಪ್ಪಿದ್ದು.

ಹೆಚ್ಚಿನ ಹಣಕ್ಕೆ ನನ್ನ ತಂಗಿ ಸರ ಅಡ ಇಟ್ಟಳು. ನನಗೆ ಹೇಳಲಿಲ್ಲ. ಸರ ಬ್ಯಾಂಕಿನಲ್ಲಿದೆ ಅನ್ನುವುದು ನನಗೆ ಗೊತ್ತಾದದ್ದು ಗೌರಿಹಬ್ಬದ ದಿನ, ಅವಳ ಬರಿ ಕೊರಳು ನೋಡಿದಾಗ.

ಯು.ಪಿ.ಎಸ್. ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲು ಅದನ್ನು ಅವನು ತಂದಿರಲಿಲ್ಲ, ಆಮೇಲೆ ನೋಡೋಣ ಅಂದಿದ್ದ. ಈ ಪ್ರಿಂಟರಿನಲ್ಲಿ ಶಾಯಿ ಇರುವುದಿಲ್ಲ. ಬಣ್ಣದ ರಿಬ್ಬನ್ನಿಗೆ ಕಾವು ಕೊಟ್ಟು ಹಳದಿ, ಕೆಂಪು, ನೀಲಿ ಒಂದೊಂದಾಗಿ ಕಾಗದದ ಮೇಲೆ ಇಳಿಸುತ್ತೆ, ಕೊನೆಗೆ ಮೇಲೊಂದು ಹೊಳಪಿನ ಪದರ. ಅದಕ್ಕೇ ಫೋಟೋ ಒಣಗಿಕೊಂಡೇ ಹೊರಗೆ ಬರುತ್ತೆ. ರಿಬ್ಬನ್ನು, ಕಾಗದ ಎರಡೂ ಲೆಕ್ಕಕ್ಕೆ ಸರಿಯಾಗಿ ಜೋಡಿ. ಒಂದು ಕೆಟ್ಟರೆ ಇನ್ನೊಂದೂ ದಂಡ. ಜೂನ್ ಮೊದಲ ವಾರ ಒಂದು ಛತ್ರದಲ್ಲಿ ಕರೆಂಟು ಹೋಗಿ ಜನರೇಟರ್ ಬಂತು. ಅರ್ಧ ಪ್ರಿಂಟಿನಲ್ಲಿ ಮೆಷಿನ್ ನಿಂತು ರಿಬ್ಬನ್ನು ಸಿಕ್ಕಿಕೊಂಡಿತು. ರಿಪೇರಿಗೆ 6,800, ಮೇಲೆ ಒಂಬತ್ತು ದಿನ ಕಾಯಬೇಕಾಯಿತು. ಅಷ್ಟರಲ್ಲಿ ಎರಡು ಮದುವೆಯ ಮುಂಗಡ ವಾಪಸ್ ಕೊಟ್ಟ. 9,500 ಉಳಿಸಲು ಹೋಗಿ ಕಳಕೊಂಡದ್ದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಮೆಷಿನ್ ರಿಪೇರಿಯಾಗಿ ಮನೆಗೆ ಬಂತು, ಆಷಾಢವೂ ಬಂತು. ಆ ವರ್ಷ ಆಷಾಢ ಮುಗಿದ ಮೇಲೆ ಅಧಿಕ ಶ್ರಾವಣ. ಜುಲೈ 18ರಿಂದ ಆಗಸ್ಟ್ 16ರವರೆಗೆ. ಹೀಗೆ ಎರಡು ತಿಂಗಳು ಮದುವೆಯೇ ಇಲ್ಲ. ಆಮೇಲೆ ಪಿತೃಪಕ್ಷ. ಅದರ ಮೇಲೆ ಮಳೆ ಕೈಕೊಟ್ಟು ಸರ್ಕಾರ ಸೆಪ್ಟೆಂಬರಿನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿದ ವರ್ಷ ಅದು. ಬೆಳೆ ಇಲ್ಲದ ರೈತ ಮಗಳ ಮದುವೆ ಮಾಡಿದರೂ ಊಟ ಕಡಿಮೆ ಮಾಡುವುದಿಲ್ಲ, ಫೋಟೋ ಬೂತ್ ಬೇಡ ಅನ್ನುತ್ತಾನೆ. ಅದು ಸರಿ ಕೂಡಾ.

ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರು ಕಂತು ನಿಂತಿತು. ನಿಯಮದಂತೆ ಸಂಘದಿಂದ ಜಾಮೀನುದಾರರಿಗೆ ನೋಟೀಸು ಹೋಯಿತು. ಹೋಗಲೇಬೇಕು, ನಾನು ತಡೆಯಲಿಲ್ಲ. ಅವರಲ್ಲಿ ಒಬ್ಬರು ಬೆಳಗ್ಗೆ ಹಾಲು ಹಾಕಲು ಬಂದಾಗ ಡೈರಿ ಮುಂದೆ ನನ್ನನ್ನು ನೋಡಿ ಏನೂ ಅನ್ನದೆ ಕ್ಯಾನು ಎತ್ತಿಕೊಂಡು ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಗ ನಾವಿಬ್ಬರೂ ಕುಳಿತು ಒಂದು ಮದುವೆಯ ಲೆಕ್ಕ ಬರೆದೆವು. ಬಾಡಿಗೆ 9,000, ಎಷ್ಟು ಬೇಕಾದರೂ ಫೋಟೋ ಅಂತ ಮಾತು. ಒಂದು ಪೆಟ್ಟಿಗೆಯಲ್ಲಿ 1,400 ಪ್ರಿಂಟು, ಒಂದಕ್ಕೆ 9 ರೂಪಾಯಿ ಬೀಳುತ್ತೆ. 250 ಪ್ರಿಂಟಾದರೆ 2,250. ಗಾಡಿಗೆ 1,300, ಜೊತೆಯ ಹುಡುಗನಿಗೆ 700. ಉಳಿಯುವುದು 4,750. ಒಂದು ಮದುವೆಗೆ ಒಂದು ಕಂತು ಅನ್ನಿ. ಆದರೆ ಒಂದು ಕಡೆ ಮಕ್ಕಳು ಸೇರಿಕೊಂಡು 430 ಪ್ರಿಂಟು ತೆಗೆಸಿದ್ದರು. ಅಂದಿನಿಂದ 200ಕ್ಕೆ ಮಿತಿ, ಹೆಚ್ಚಿನದಕ್ಕೆ ಒಂದಕ್ಕೆ 20 ರೂಪಾಯಿ ಅಂತ ಬರೆದುಕೊಡುತ್ತಾನೆ.

ಅವನನ್ನು ಉಳಿಸಿದ್ದು ಮದುವೆಯಲ್ಲ, ಪಾಸ್‌ಪೋರ್ಟ್ ಸೈಜಿನ ಫೋಟೋ. ಅದೇ ಮೆಷಿನ್ನಿನಲ್ಲಿ ಒಂದು ಹಾಳೆಗೆ 8 ಫೋಟೋ ಬರುತ್ತೆ. 9 ರೂಪಾಯಿ ಹಾಳೆಗೆ 50 ರೂಪಾಯಿ. ಬೆಳೆಸಾಲದ ಅರ್ಜಿಗೋ ಶಾಲೆಗೋ ಫೋಟೋ ಬೇಡದ ದಿನವೇ ಇಲ್ಲವಲ್ಲ. ಅಮೆರಿಕದವನೂ 8 ಫೋಟೋ ಕೊಡುತ್ತಿದ್ದ ಅಂತ ಇವನು ಈಗ ನಗುತ್ತಾನೆ. ನಿಂತ ಕಂತುಗಳನ್ನು 2024ರ ಏಪ್ರಿಲ್ ಒಳಗೆ ಕಟ್ಟಿದ. ಆ ವರ್ಷ ಮೇ-ಜೂನ್‌ನಲ್ಲಿ ಗುರು, ಶುಕ್ರರ ಅಸ್ತ ಬಂದು ಮುಹೂರ್ತಗಳೇ ಕಡಿಮೆಯಾದವು. ಆದರೆ ಈ ಸಲ ಅವನು ಪಂಚಾಂಗ ಮೊದಲೇ ನೋಡಿ ಎರಡು ಕಂತಿನ ಹಣ ತೆಗೆದಿಟ್ಟಿದ್ದ. ಸರವನ್ನೂ ಬಿಡಿಸಿಕೊಟ್ಟ.

ಕಾಗದಪತ್ರದ ವಿಚಾರ ಎರಡೇ ಮಾತು. ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ, ಯಾರಿಗೂ ದುಡ್ಡು ಕೊಡಬೇಡಿ. ಇವನು ಒಬ್ಬ ಮಧ್ಯವರ್ತಿಗೆ 1,500 ಕೊಟ್ಟಿದ್ದ. ವರ್ಷದ ವಹಿವಾಟು 20 ಲಕ್ಷ ದಾಟದ ಇಂಥ ಸಣ್ಣ ಸೇವೆಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಬೇಕಿಲ್ಲ. ಬ್ಯಾಂಕಿನಲ್ಲಿ ಮುದ್ರಾ ಯೋಜನೆಯ ಕಿಶೋರ್ ಸಾಲ 50,000ದಿಂದ 5 ಲಕ್ಷದವರೆಗೆ ಇದೆ, ಅದನ್ನೂ ಒಮ್ಮೆ ವಿಚಾರಿಸಿ. ಸಂಘದಲ್ಲೇ ತೆಗೆದುಕೊಳ್ಳಿ ಅಂತ ನಿರ್ದೇಶಕನಾಗಿ ನಾನು ಹೇಳಬೇಕು, ಆದರೆ ನಿಮಗೆ ಯಾವುದು ಅಗ್ಗವೋ ಅದು.

ಈ ಅನುಭವ ಆದ ಮೇಲೆ ಆಡಳಿತ ಮಂಡಳಿಯಲ್ಲಿ ನಾನೊಂದು ಸೂಚನೆ ಇಟ್ಟೆ. ನಮ್ಮ ಅರ್ಜಿಯಲ್ಲಿ "ಯಂತ್ರದ ಬೆಲೆ" ಅಂತ ಒಂದೇ ಕಾಲಂ ಇತ್ತು. ಅದರ ಕೆಳಗೆ "ಯಂತ್ರದ ಜೊತೆಯ ಖರ್ಚು" ಮತ್ತು "ಕೆಲಸವಿಲ್ಲದ ತಿಂಗಳುಗಳು" ಅಂತ ಇನ್ನೆರಡು ಸೇರಿಸಿದ್ದೇವೆ. ಇವತ್ತು ಅರ್ಜಿ ತೆಗೆದುಕೊಂಡು ಹೋಗುವವರು ಆ ಎರಡು ಕಾಲಂ ಖಾಲಿ ಬಿಟ್ಟು ತಂದರೆ ನಾನೇ ವಾಪಸ್ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ತುಂಬಲು ತೊಂದರೆ ಆದರೆ ಹಿಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಹುಡುಗನನ್ನು ಕೇಳಿ, ಅವನ ಲೆಕ್ಕದ ಪುಸ್ತಕ ತಂದಿದ್ದಾನೆ. ಅರ್ಜಿಗಳು ಕಾರ್ಯದರ್ಶಿಗಳ ಮೇಜಿನ ಮೇಲಿವೆ.